ಈ ಸಲ ಅಕ್ಕನವು

ರಕ್ತದ ಕ್ಯಾನ್ಸರ್‌ಗೆಂದು ಮೊದಲ ಸಲ ನನಗೆ ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಕೊಟ್ಟವನು ಹಂಪಿಯಲ್ಲಿ ಆಟೊ ಓಡಿಸುವ ನನ್ನ ತಮ್ಮ. ಒಂದೂವರೆ ವರ್ಷಕ್ಕೆ ಕಾಯಿಲೆ ಮರಳಿತು. ಔಷಧಿಯಿಂದ ಅದನ್ನು ತಗ್ಗಿಸಿದ ಡಾಕ್ಟರು, ಎರಡನೆಯ ಕಸಿಗೆ ಚೋರನೂರಿನ ಅಕ್ಕನ ಕೋಶಗಳಿರಲಿ ಎಂದರು.

ಅಕ್ಕನನ್ನು ಕರೆತರಲು ತಮ್ಮನ ಆಟೊದಲ್ಲೇ ಹೊರಟೆವು. ಸಂಡೂರು ದಾಟಿದ ಮೇಲೆ ಅವನು ಕೇಳಿದ: "ನನ್ನವು ಪೂರಾ ಹೊಂದಿದ್ವು. ಆಕಿವು ಅರ್ಧ. ಮತ್ತ ನನ್ನವು ಯಾಕ ಬ್ಯಾಡಂತ?"

"ನಿನ್ನವು ಭಾಳ ಹೊಂದ್ಕೊಂಡು ಹೋದ್ವು. ಕ್ಯಾನ್ಸರ್ ಕಂಡ್ರೂ ನಮ್ಮದೇ ಅಂತ ಸುಮ್ನ ಬಿಟ್ವು. ಅಕ್ಕನವು ಅದರ ಕೂಡ ಜಗಳ ತೆಗೀಬಹುದಂತ."

"ಜಗಳ ಅಂದ್ರ ಅಕ್ಕನೇ ಸರಿ ಬಿಡಣ್ಣ," ಎಂದು ಅವನು ವೇಗ ಹೆಚ್ಚಿಸಿದ.

ಅಕ್ಕ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸುಗ್ಗಿ ಮುಗಿದ ಮೇಲೆ ಹೋಗು ಎಂದಿದ್ದ ಗಂಡ ಒಳಗೆ ಸುಮ್ಮನೆ ಕೂತಿದ್ದ. ನಮ್ಮನ್ನು ಕಂಡವಳೇ ತಮ್ಮನ ಮೇಲೆ ಹರಿಹಾಯ್ದಳು: "ಬುದ್ಧಿ ಐತೇನಲೇ? ಇಂಥವನ್ನ ಈ ಕೆಂಪು ಧೂಳಿನಾಗ ಆಟೊದಾಗ ತರ್ತಾರೇನು? ಕಾರಿಗೆ ಹೇಳೀನಿ. ನಡೀರಿ ಜಲ್ದಿ, ಈ ಸಲ ಆ ರೋಗಾನ ಬಿಡಂಗಿಲ್ಲ."

ಡಾಕ್ಟರು ಯಾವ ಗ್ಯಾರಂಟಿಯನ್ನೂ ಕೊಟ್ಟಿರಲಿಲ್ಲ. ನಾನೂ ಯಾರ ಸಿದ್ಧಾಂತವನ್ನೂ ಸುಲಭಕ್ಕೆ ನಂಬುವವನಲ್ಲ. ಇದೊಂದನ್ನು ಮಾತ್ರ ಆ ಅಂಗಳದಲ್ಲೇ ನಂಬಿಬಿಟ್ಟೆ.