ಗಾಳಿಯಿಲ್ಲದ ಸಂಜೆಗಳಲ್ಲಿ ಎರಡು ದಾರದ ಪಟ

ಆ ಗಾಳಿಪಟ ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯವರಿಗೆ ಬೇಡವಾದ ಮೇಲೆ. ಬಹರೈನಿನಲ್ಲಿ ಕೆಲಸಕ್ಕಿದ್ದ ಅವರ ಮಗ ರಜೆಯಲ್ಲಿ ಬರುವಾಗ ತನ್ನ ಮಕ್ಕಳಿಗೆಂದು ತಂದಿದ್ದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುತ್ತಾರೆಂದರೆ ಕಾಪುವಿನಲ್ಲಿ ಅರ್ಧ ಕೇರಿಯೇ ಅಂಗಳದಲ್ಲಿ ನೆರೆಯುತ್ತಿತ್ತು. ಸೆಂಟು, ಟೇಪ್ ರೆಕಾರ್ಡರ್, ನೈಲಾನ್ ಸೀರೆಗಳ ನಡುವೆ ಈ ಪಟ ಇತ್ತು. ನೀಲಿ ಪ್ಲಾಸ್ಟಿಕ್ ಹಾಳೆ, ಫೈಬರಿನ ಕಡ್ಡಿಗಳು, ದಾರ ಮಾತ್ರ ಒಂದಲ್ಲ, ಎರಡು. ಎಡಗೈಗೊಂದು ಹಿಡಿ, ಬಲಗೈಗೊಂದು ಹಿಡಿ. ಎಡದ ದಾರ ಎಳೆದರೆ ಪಟ ಎಡಕ್ಕೆ ತಿರುಗಬೇಕು, ಬಲದ್ದನ್ನು ಎಳೆದರೆ ಬಲಕ್ಕೆ. ಮಕ್ಕಳ ಕೈಯಲ್ಲಿ ಅದು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ದಾರವೆಲ್ಲ ಗಂಟುಗಂಟಾಗಿ ಪಟ ಜಗಲಿಯ ಮೂಲೆ ಸೇರಿತು. ವಾಪಸು ಹೊರಡುವ ಮುನ್ನ ಅವನು ಅದನ್ನು ತಂದು ನನ್ನ ತಮ್ಮನ ಮಡಿಲಿಗೆ ಹಾಕಿದ.

"ನೀನು ವಾಚು ಬಿಚ್ಚುವವ ಅಲ್ವಾ ಮಾರಾಯ. ನಿನ್ನ ಕೈಯಲ್ಲಿ ಆಗದಿದ್ದರೆ ಇದು ಇನ್ನು ಯಾರಿಂದಲೂ ಆಗ್ಲಿಕ್ಕಿಲ್ಲ," ಅಂದ.

ತಮ್ಮ ಉಡುಪಿಯಲ್ಲಿ ಒಂದು ಚಿಕ್ಕ ಅಂಗಡಿಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ. ಅವನ ಕಾಲುಗಳು ಸೋಲತೊಡಗಿ ಕೆಲವು ವರ್ಷಗಳಾಗಿದ್ದವು. ಮೊದಲು ಮೆಟ್ಟಿಲು ಹತ್ತುವಾಗ ಮೊಣಕಾಲಿನ ಮೇಲೆ ಕೈ ಊರುತ್ತಿದ್ದ, ಆಮೇಲೆ ಗೋಡೆ ಹಿಡಿದ, ಆಮೇಲೆ ನನ್ನ ಭುಜ. ಈಗ ಬಡಗಿಯಿಂದ ಸೈಕಲ್ ಚಕ್ರ ಹಾಕಿಸಿದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಬೆಳಿಗ್ಗೆ ಬಸ್ಸಿಗೆ ಅವನನ್ನು ಕಂಡಕ್ಟರೇ ಎತ್ತಿ ಕೂರಿಸುತ್ತಿದ್ದ, ಅಲ್ಲಿ ಅಂಗಡಿಯ ಯಜಮಾನರು ಇಳಿಸಿಕೊಳ್ಳುತ್ತಿದ್ದರು. ಕಾರ್ಕಳದ ಪಂಡಿತರ ಎಣ್ಣೆ ಎಲ್ಲ ತಿಕ್ಕಿ ಮುಗಿದಿತ್ತು. ಮಣಿಪಾಲದ ಡಾಕ್ಟರು ಮಾತ್ರ ಮುಚ್ಚುಮರೆ ಮಾಡಲಿಲ್ಲ. ಸ್ನಾಯು ಸೊರಗುವ ಕಾಯಿಲೆ, ಮದ್ದಿಲ್ಲ, ಕೈಗೆ ಏರದೆ ಕಾಲಿನಲ್ಲೇ ನಿಂತರೆ ಪುಣ್ಯ ಅಂದರು. ಪ್ರತಿ ಸಲ ಹೋದಾಗಲೂ ಡಾಕ್ಟರು ಅವನೆದುರು ಎರಡು ಬೆರಳು ಚಾಚಿ "ಗಟ್ಟಿಯಾಗಿ ಹಿಡಿ" ಎನ್ನುತ್ತಿದ್ದರು. ಅವನು ಹಿಡಿಯುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಬರುವಾಗ ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ.

ಕೈ ಉಳಿದರೆ ಅವನ ಬದುಕು ಉಳಿಯಿತು, ನಮ್ಮ ಲೆಕ್ಕ ಅಷ್ಟೇ. ವಾಚಿನವನಿಗೆ ಕಾಲು ಯಾಕೆ? ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪನ್ನು ಚಿಮಟದಲ್ಲಿ ಎತ್ತಿಡಲು ಎರಡು ಕೈ ಇದ್ದರೆ ಸಾಕು. ಹಾಗೆಂದು ಅಮ್ಮ ದಿನಾ ದೇವರಿಗೆ ಹೇಳುತ್ತಿದ್ದಳು. ನಾನು ದೇವರಿಗೆ ಏನೂ ಹೇಳುತ್ತಿರಲಿಲ್ಲ. ನನ್ನದು ಮೊದಲೇ ಸಿಡುಕು ಸ್ವಭಾವ, ನಾನು ಟೀಚರಾಗಿದ್ದ ಊರಿನ ಶಾಲೆಯಲ್ಲಿ ಮಕ್ಕಳು ನನ್ನ ಚಪ್ಪಲಿಯ ಸದ್ದಿಗೇ ಸುಮ್ಮನಾಗುತ್ತಿದ್ದರು. "ಎಲ್ಲ ಒಳ್ಳೆಯದಾಗುತ್ತದೆ" ಎಂದು ಮನೆಗೆ ಬಂದು ಹೇಳುವವರಿಗೆ ನಾನು ಚಹಾ ಕೂಡ ಕೊಡುತ್ತಿರಲಿಲ್ಲ.

ಪಟದ ಗಂಟು ಬಿಡಿಸಲು ತಮ್ಮ ಕೂತ. ದಾರ ಅಲ್ಲಲ್ಲಿ ತುಂಡಾಗಿತ್ತು. ಅದನ್ನು ಬಿಸಾಡಿ ಮೀನುಗಾರರ ಸಾಮಾನಿನ ಅಂಗಡಿಯಿಂದ ತಂಗೂಸು ತರಿಸಿದ. ನಮ್ಮ ಕರಾವಳಿಯವರಿಗೆ ಈ ಗಾಳದ ನೈಲಾನ್ ದಾರದ ಮೇಲೆ ಇರುವ ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಕನ್ನಡಕದ ಕಡ್ಡಿ ಮುರಿದರೂ ತಂಗೂಸು, ಕೊಡೆಯ ಕಡ್ಡಿ ಕಿತ್ತರೂ ತಂಗೂಸು, ಮದುವೆ ಚಪ್ಪರಕ್ಕೂ ಅದೇ. ಎರಡು ತೆಂಗಿನ ಮರಗಳ ನಡುವೆ ಅಳೆದು ಎರಡೂ ದಾರಗಳನ್ನು ಸಮ ಮಾಡಿ ಕಟ್ಟಿದೆವು.

ತೊಂದರೆ ಇದ್ದದ್ದು ಗಾಳಿಯದು. ಮಧ್ಯಾಹ್ನ ಕಡಲಿನಿಂದ ಬೇಕಾದಷ್ಟು ಗಾಳಿ ಬೀಸುತ್ತದೆ, ಆಗ ಅವನು ಅಂಗಡಿಯಲ್ಲಿ. ಭಾನುವಾರ ಕಡಲ ದಂಡೆಯ ದೀಪಸ್ತಂಭ ನೋಡಲು ಜನ ಬರುತ್ತಾರೆ. "ದೀಪಸ್ತಂಭದ ಜೊತೆಗೆ ನನ್ನನ್ನೂ ನೋಡಿ ಹೋಗಲಿ ಅಂತಲಾ?" ಎನ್ನುತ್ತಿದ್ದ. ಉಳಿದದ್ದು ಬಸ್ಸಿಳಿದು ಬಂದ ಮೇಲಿನ ಸಂಜೆ. ಆ ಹೊತ್ತಿಗೆ ಕಡಲಗಾಳಿ ಸುಸ್ತಾಗಿ ಬಿದ್ದಿರುತ್ತಿತ್ತು. ಅವನು ಹಿಡಿಗಳನ್ನು ಹಿಡಿದು ಕೂರುತ್ತಿದ್ದ, ನಾನು ದೂರ ಹೋಗಿ ಪಟ ಎತ್ತಿ ಬಿಡುತ್ತಿದ್ದೆ, ಅದು ಒಣಗಲು ಹಾಕಿದ ಬಟ್ಟೆ ಜಾರಿದಂತೆ ಕೆಳಗೆ ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ಚೀಟಿ ಇತ್ತು. ಗಾಳಿ ಕಡಿಮೆ ಇದ್ದರೆ ಹಿಂದಕ್ಕೆ ನಡೆಯಿರಿ ಎಂದು ಬರೆದು ಚಿತ್ರ ಹಾಕಿದ್ದರು. ಸರಿ, ಮೊದಲು ನಾನು ಕಲಿತು ಅವನಿಗೆ ಹೇಳಿಕೊಡುತ್ತೇನೆಂದು ಹೊರಟೆ. ಕಡಲಿಗೆ ಬೆನ್ನು ಹಾಕಿ ಹಿಂದಕ್ಕೆ ನಡೆದೆ. ಪಟ ಎದ್ದಿತು! ಬಾಯಿ ತೆರೆದು ಅದನ್ನೇ ನೋಡುತ್ತ ನಡೆದವಳು ಸೊಂಟದವರೆಗೆ ತೆರೆಯೊಳಗಿದ್ದೆ. ತಮ್ಮ ನಕ್ಕದ್ದು ದಡದಿಂದ ಕೇಳಿಸಿತು. ಅವನು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು, ಅದಕ್ಕಾಗಿ ಇನ್ನೊಮ್ಮೆ ಬೀಳಬಹುದಿತ್ತು.

ಒದ್ದೆ ಸೀರೆ ಹಿಂಡುತ್ತಿರುವಾಗ ನನಗೆ ಹೊಳೆಯಿತು. ಗಾಳಿಯೇ ಇಲ್ಲದ ಮೇಲೆ ದಿಕ್ಕು ಯಾಕೆ? ನಾನು ಯಾವ ಕಡೆಗೆ ನಡೆಯುತ್ತೇನೋ ಆ ಕಡೆಯಿಂದಲೇ ಗಾಳಿ. ಆಮೇಲೆ ದಂಡೆಯ ಉದ್ದಕ್ಕೆ ನಡೆಯತೊಡಗಿದೆ. ಎಳೆದುಕೊಂಡು ಓಡಿದರೆ ಪಟ ಹೆದರಿ ಮಗುಚುತ್ತದೆ, ನಿಧಾನವಾಗಿ, ಎರಡೂ ಕೈಯನ್ನು ಸಮ ಹಿಡಿದು, ಒಂದೇ ನಡಿಗೆಯಲ್ಲಿ ಹಿಂದಕ್ಕೆ ಹೋಗಬೇಕು. ಹಿಂದೆ ಬಂಡೆ ಬಂತೆಂದರೆ ಪಟವನ್ನು ಮೇಲಕ್ಕೆ ತಂದು, ದಾರ ಸಡಿಲಿಸುತ್ತ ಅದರ ಕಡೆಗೇ ಮುಂದೆ ನಡೆಯಬೇಕು. ಅದು ತೇಲಿ ತೇಲಿ ಇಳಿಯುವಷ್ಟರಲ್ಲಿ ಮತ್ತೆ ಹಿಂದಕ್ಕೆ. ಮೊದಮೊದಲು ಪಟ ಬಿದ್ದಾಗಲೆಲ್ಲ ನಾನು ತಂಗೂಸಿಗೆ ಬಯ್ಯುತ್ತಿದ್ದೆ. "ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ," ಎಂದು ತಮ್ಮ ಛೇಡಿಸುತ್ತಿದ್ದ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ನಾನು ಕಲಿತುಬಿಟ್ಟೆ.

ಕಲಿತದ್ದೇ ತಪ್ಪಾಯಿತೇನೋ. ಒಂದು ಸಂಜೆ ನಾನು ಪಟವನ್ನು ಚಂದಕ್ಕೆ ತೇಲಿಸುತ್ತ ಅವನೆದುರು ಹಾದುಹೋದಾಗ, "ಹಾಗಾದರೆ ಇದನ್ನು ಹಾರಿಸುವುದು ಕೈ ಅಲ್ಲ, ಕಾಲು," ಅಂದ. ನಾನು ಪಟ ಬೀಳಿಸಿದೆ.

ಆ ಮಾತು ನನ್ನನ್ನು ರಾತ್ರಿಯಿಡೀ ತಿಂದಿತು. ಮರುದಿನ ಅವನ ಕುರ್ಚಿಯನ್ನು ಒಣ ಮರಳು ದಾಟಿಸಿ, ಪಕ್ಕದ ಮನೆಯ ಅಜ್ಜನ ಸಹಾಯದಿಂದ ಎತ್ತಿ, ನೀರಿಳಿದ ಜಾಗದ ಗಟ್ಟಿ ಮರಳಿಗೆ ತಂದೆ. ಅಲ್ಲಿ ಚಕ್ರ ಉರುಳುತ್ತದೆ. "ಕಾಲು ನನ್ನದು, ಕೈ ನಿನ್ನದು," ಅಂದೆ. ಅವನಿಗೆ ಪಟದ ಹಿಡಿ ಕೊಟ್ಟು, ಕುರ್ಚಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದೆ. ಪಟ ಮರಳು ಬಿಟ್ಟು ಎದ್ದಿತು. ಆಳೆತ್ತರ, ಮರದೆತ್ತರ. "ಅಕ್ಕ! ಅಕ್ಕ!" ಎಂದು ಕೂಗಿದ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಸಂತೋಷದಲ್ಲಿ ಅಲ್ಲಾಡುವ ಅವನ ಹಿಂದಲೆ ಕಾಣುತ್ತಿತ್ತು. ಆಗ ಪಟ ಎಡಕ್ಕೆ ವಾಲಿತು, ಸುತ್ತು ಹಾಕಿತು, ಬಿತ್ತು.

ಆಮೇಲೆ ಯಾವಾಗಲೂ ಹಾಗೆಯೇ. ನೇರ ಏಳುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಎಡಕ್ಕೆ ಬೀಳುತ್ತಿತ್ತು. ನಾವು ಗಾಳಿಯನ್ನು ಬೈದೆವು. ಆದರೆ ಬಡಗು ಮುಖ ಮಾಡಿದರೆ ಪಟ ಕಡಲಿನ ಕಡೆ ಬೀಳುತ್ತಿತ್ತು, ತೆಂಕು ಮುಖ ಮಾಡಿದರೆ ಊರಿನ ಕಡೆ. ಎರಡೂ ಅವನ ಎಡವೇ. ಗಾಳಿಯ ತಪ್ಪಲ್ಲ ಎಂದಾಯಿತು. ಅಜ್ಜ ಬಂದು ತಂಗೂಸನ್ನು ಬೆರಳಲ್ಲಿ ಎಳೆದು ನೋಡಿ, "ಇದು ರಬ್ಬರಿನ ಹಾಗೆ ಹಿಗ್ಗುತ್ತದೆ. ಒಂದು ಹೆಚ್ಚು ಹಿಗ್ಗಿರಬೇಕು," ಎಂದರು. ನನಗೆ ಹೋದ ಜೀವ ಬಂದಂತಾಯಿತು. ಎರಡನ್ನೂ ನೀರಲ್ಲಿ ನೆನೆಸಿ, ಮರಕ್ಕೆ ಕಟ್ಟಿ ಜಗ್ಗಿ, ಮತ್ತೆ ಸಮ ಮಾಡಿದೆವು. ಪಟ ಎಡಕ್ಕೇ ಬಿತ್ತು.

ಆ ದಿನಗಳಲ್ಲೇ ಅವನು ಹೆಂಗಸರ ಚಿಕ್ಕ ವಾಚುಗಳನ್ನು ಯಜಮಾನರಿಗೇ ಬಿಡುತ್ತಿದ್ದಾನೆಂದು ಗೊತ್ತಾಯಿತು. ಕೇಳಿದ್ದಕ್ಕೆ, "ಕನ್ನಡಕ ಬದಲಿಸಬೇಕು, ಕಣ್ಣು ಸರಿ ಕಾಣುವುದಿಲ್ಲ," ಅಂದ. ನಾನು ನಂಬಿದೆ. ನಂಬುವುದು ಬೇಕಾಗಿತ್ತು, ನಂಬಿದೆ.

ಕೊನೆಯ ಸಂಜೆ ನೆನಪಿನಲ್ಲಿ ಹಾಗೇ ನಿಂತಿದೆ. ಎಲೆ ಅಲುಗಾಡುತ್ತಿರಲಿಲ್ಲ. ಸಮುದ್ರ ಎಣ್ಣೆ ಹೊಯ್ದಂತೆ ಮಲಗಿತ್ತು. ತಮ್ಮ ಅಂದು ಪಟ ಎತ್ತುವ ಮೊದಲು ನನಗೊಂದು ಕೆಲಸ ಹೇಳಿದ.

"ಎಡದ ತಂಗೂಸನ್ನು ಬಲಕ್ಕೆ ಕಟ್ಟು, ಬಲದ್ದನ್ನು ಎಡಕ್ಕೆ."

"ಎಂತಕ್ಕೆ?"

"ವಾಚಿನಲ್ಲಿ ನಾವು ಹಾಗೆಯೇ ಮಾಡುವುದು. ಯಾವುದರಲ್ಲಿ ಕೆಟ್ಟದ್ದು ಉಂಟು ಅಂತ ಗೊತ್ತಾಗದಿದ್ದರೆ ಬದಲಿಸಿ ನೋಡುವುದು. ತಂಗೂಸಿನದ್ದೇ ತಪ್ಪಾದರೆ ಇವತ್ತು ಬಲಕ್ಕೆ ಬೀಳಬೇಕು, ಅಲ್ವಾ?"

ಬದಲಿಸಿ ಕಟ್ಟಿದೆ. ಕುರ್ಚಿ ಎಳೆದೆ. ಪಟ ಎದ್ದಿತು. ಬಲಕ್ಕೆ ಬೀಳು, ಬಲಕ್ಕೆ ಬೀಳು ಎಂದು ನಾನು ಅದರ ಜೊತೆ ಬಾಯಲ್ಲೇ ಜಗಳ ಮಾಡುತ್ತಿದ್ದೆ. ಅದು ಸ್ವಲ್ಪ ತಡೆದು, ಎಡಕ್ಕೆ ತಿರುಗಿ ಮರಳಿಗೆ ಬಿತ್ತು.

ಅವನು ಬಲಗೈಯ ಹಿಡಿಯನ್ನು ಎಡಗೈಯಿಂದ ಬಿಡಿಸಿಕೊಂಡು ನನಗೆ ಚಾಚಿದ.

"ಪಟದ ಕಡ್ಡಿಯೇ ಓರೆ ಇರಬಹುದು. ನೀನೊಮ್ಮೆ ಹಾರಿಸು ಅಕ್ಕ."

ಅವನು ಏನು ನೋಡಲು ಹೊರಟಿದ್ದಾನೆಂದು ನನಗೆ ಆಗ ಅರ್ಥವಾಯಿತು. ಕತ್ತಲಾಯಿತು, ಹೋಗುವ ಎನ್ನಬಹುದಿತ್ತು. ಕತ್ತಲಾಗಿರಲಿಲ್ಲ. ಪಟವನ್ನು ಮರಳಿಗೆ ಒರಗಿಸಿ, ಅವನ ಆಚೆಯಿಂದ ಶುರುಮಾಡಿ ಹಿಂದಕ್ಕೆ ನಡೆದೆ. ಪಟ ಎಬ್ಬಿಸುವುದನ್ನು ಕಲಿಯಲು ನಾನು ತಿಂಗಳುಗಟ್ಟಲೆ ಬೆವರು ಸುರಿಸಿದ್ದೆ. ಅಂದು ಅದು ತಾನಾಗಿ ಎಡಕ್ಕೆ ಬೀಳಲಿ, ನೆಲವೇ ಡೊಂಕಾಗಿರಲಿ ಎಂದು ಒಳಗೊಳಗೇ ಬೇಡಿದೆ. ಅದುವರೆಗೆ ಏನನ್ನೂ ಕೇಳಿರದ ದೇವರನ್ನು ಬೇಡಿದೆ.

ಅದೇ ಪಟ, ಅದೇ ತಂಗೂಸು. ಮೂತಿ ಆಕಾಶಕ್ಕೆ ಮಾಡಿ ನೆಟ್ಟಗೆ ಏರಿತು. ತೆಂಗಿನ ಮರಗಳ ಮೇಲಕ್ಕೆ ಹೋಗಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಸುಮ್ಮನೆ ನಿಂತುಕೊಂಡಿತು. ನಾನು ಹಿಂದಕ್ಕೆ ನಡೆಯುತ್ತ ನಡೆಯುತ್ತ ಅವನ ಕುರ್ಚಿಯ ಪಕ್ಕಕ್ಕೆ ಬಂದಿದ್ದೆ. ಹಿಂದಿನ ದಂಡೆ ಇನ್ನೂ ಉದ್ದಕ್ಕೆ ಖಾಲಿ ಇತ್ತು.

ಎಡಗೈಯನ್ನು ಒಂದಿಷ್ಟೇ, ಬಳೆ ಜಾರುವಷ್ಟು ಎಳೆದೆ. ಪಟ ವಾಲಿತು, ಎಡಕ್ಕೆ ಸುತ್ತಿತು, ಬಿತ್ತು.

"ನೋಡಿದಿಯಾ?" ಅಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ನನಗೂ ಹಾಗೆಯೇ ಆಗ್ತದೆ. ಕಡ್ಡಿಯದ್ದೇ ತಪ್ಪು. ನಾಳೆ ಬಿಚ್ಚಿ ನೋಡುವ."

ತಮ್ಮ ಪಟದ ಕಡೆ ನೋಡಿರಲಿಲ್ಲ. ಕೂದಲೆಳೆಯಷ್ಟು ಅಲುಗಾಡುವ ಚಕ್ರಗಳನ್ನು ನೋಡಿಯೇ ಅನ್ನ ದುಡಿಯುತ್ತಿದ್ದವನು ಅವನು. ಅಷ್ಟು ಹೊತ್ತೂ ನನ್ನ ಕೈಗಳನ್ನೇ ನೋಡುತ್ತಿದ್ದ. ಅವನ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.

"ಎಡಗೈ ಎಳೆದದ್ದು ಯಾಕೆ?" ಎಂದು ಕೇಳಿದ.

"ನಾನೆಲ್ಲಿ ಎಳೆದೆ? ಗಾಳಿ ಬಂತು."

ಅವನು ಕಡಲಿನ ಕಡೆಗೊಮ್ಮೆ, ತೆಂಗಿನ ಮರಗಳ ಕಡೆಗೊಮ್ಮೆ ನೋಡಿ, ಬಹಳ ಮೆಲ್ಲಗೆ, ಚಿಕ್ಕವಳಿಗೆ ಹೇಳುವಂತೆ ಅಂದ:

"ಗಾಳಿ ಎಲ್ಲಿ ಉಂಟು ಅಕ್ಕ?"