ಹದಿನಾಲ್ಕರ ಮೇಲಿನ ಮುಳ್ಳು

ಸಿಂದಗಿಯ ಜಿಮ್ಮಿನಲ್ಲಿ ಟ್ರೆಡ್‌ಮಿಲ್ಲಿನ ಬೆಲ್ಟು ಕಾದು ವಾಸನೆ ಬಂತು ನೋಡಿ, ನನಗೆ ರಸೂಲ್ ಕಾಕಾನ ಟೆಂಪೋ ನೆನಪಾಯಿತು. ಇಂಡಿಯಿಂದ ಹಲಸಂಗಿಗೆ ಹೋಗುತ್ತಿದ್ದ ಆ ಟೆಂಪೋದ ಕ್ಲಚ್ಚು ಸುಟ್ಟದ್ದು ನನ್ನ ಸಲುವಾಗಿ.

ಆಗ ನಾನು ಕಾಲೇಜಿನಲ್ಲಿದ್ದೆ. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಬೆಕ್ಕಿನವರೆಗೆ ಎಲ್ಲರ ದನಿ ತೆಗೆಯುತ್ತಿದ್ದೆ. ಓಟದ ತಂಡಕ್ಕೆ ಹೆಸರು ಕೊಟ್ಟಾಗ ಆಟದ ಸರ್ ಎಲ್ಲರೆದುರು ಅಂದರು: “ನಿನ್ನ ಬಾಯಿ ಓಡತೈತಿ, ಕಾಲು ಓಡಬೇಕಲ್ಲಪಾ! ಐದು ಕಿಲೋಮೀಟರು, ಕಿಲೋಮೀಟರಿಗೆ ನಾಲ್ಕೂವರೆ ನಿಮಿಷದಂಗ ಓಡಿದ್ರ ತಂಡದಾಗ ಇರ್ತಿ. ಇಲ್ಲಾಂದ್ರ ಗ್ಯಾದರಿಂಗಿನ್ಯಾಗ ಮಿಮಿಕ್ರಿ ಮಾಡಕೋಂತ ಇರು.” ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಂದಿಯನ್ನು ನಗಿಸುವುದು ಬೇರೆ, ಮಂದಿ ನಮ್ಮನ್ನು ನೋಡಿ ನಗುವುದು ಬೇರೆ. ತಂಡ ಸೇರಿಯೇ ಸೈ ಅಂದುಕೊಂಡೆ.

ಕಾಕಾ ನಮ್ಮ ಓಣಿಯವ. ಮುಂಜಾನೆಯ ಮೊದಲ ಟ್ರಿಪ್ಪಿಗೆ ಟೆಂಪೋ ಮುಂದೆ, ನಾನು ಹಿಂದೆ ಅಂತ ಠರಾವಾಯಿತು.

“ನಿಮಿಷ ಗಿಮಿಷ ನನಗ ಬ್ಯಾಡ. ಸ್ಪೀಡಿನ ಮುಳ್ಳು ಎಷ್ಟರ ಮ್ಯಾಲೆ ಇಡ್ಲಿ, ಅಷ್ಟ ಹೇಳು,” ಅಂದ ಕಾಕಾ.

ನಾಲ್ಕು ನಿಮಿಷ ಮೂವತ್ತು ಸೆಕೆಂಡು ಅಲ್ಲವೇ? ನಾನು ಮಹಾ ಪಂಡಿತನ ಹಾಗೆ ಮೊಬೈಲಿನಲ್ಲಿ ತಾಸಿನ ಅರವತ್ತು ನಿಮಿಷವನ್ನು ನಾಲ್ಕು ಪಾಯಿಂಟ್ ಮೂವತ್ತರಿಂದ ಭಾಗಿಸಿದೆ. ಹತ್ತಿರ ಹತ್ತಿರ ಹದಿನಾಲ್ಕು ಬಂತು.

ಆ ಹದಿನಾಲ್ಕು ನನ್ನ ಜೀವ ತಿಂದಿತು. ಲಿಂಬಿ ತೋಟ ದಾಟುವಷ್ಟರಲ್ಲಿ ನಾಲಿಗೆ ಹೊರಗೆ. ಹಿಂದಿನ ಸೀಟಿನಿಂದ ನಿತ್ಯದ ಗಿರಾಕಿ ಮಲ್ಲವ್ವಾಯಿ ಮರುಗುವಳು: “ಯಪ್ಪಾ, ಹತ್ತಿ ಕುಂದ್ರೋ, ನಿನ್ನ ತಿಕೀಟು ನಾ ಕೊಡ್ತೇನಿ!” ಕಾಕಾ ಕಿಟಕಿಯಿಂದ ತಲೆ ಹೊರಹಾಕಿ, “ಲೇ, ಹಗೂರ ಓಡಿಸಿ ಓಡಿಸಿ ನನ್ನ ಕ್ಲಚ್ ಹೋತು, ನೀ ಇನ್ನೂ ಅಲ್ಲೇ ಅದಿ!” ಅನ್ನುವನು. ಮೊದಮೊದಲು ಬರೀ ಧೂಳು ಕಾಣುತ್ತಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಆಯಿಯ ಮೂಗುತಿಯ ಹರಳು ಕಾಣತೊಡಗಿತು.

ಆಯ್ಕೆಯ ದಿನ ಮೈದಾನದಲ್ಲಿ ಟೆಂಪೋ ಎಲ್ಲಿಂದ ಬರಬೇಕು? ಬಾಯಲ್ಲೇ ಕಾಕಾನ ಇಂಜಿನ್ನಿನ ದನಿ ತೆಗೆದೆ, ಅದರ ಬೆನ್ನು ಹತ್ತಿ ಓಡಿದೆ. ಗೆರೆ ದಾಟಿದಾಗ ಸರ್ ಗಡಿಯಾರವನ್ನೇ ನೋಡುತ್ತ ನಿಂತಿದ್ದರು.

“ಕಿಲೋಮೀಟರಿಗೆ ನಾಲ್ಕು ನಿಮಿಷ ಹದಿನೇಳು ಸೆಕೆಂಡು! ಇಷ್ಟು ಜೋರು ಓಡು ಅಂತ ಯಾರು ಹೇಳಿದ್ರೋ?”

ಏದುಸಿರು ಬಿಡುತ್ತ ಲೆಕ್ಕ ಒಪ್ಪಿಸಿದೆ. ಸರ್ ಹಣೆ ಬಡಿದುಕೊಂಡರು.

“ಅರ್ಧ ನಿಮಿಷ ಅಂದ್ರ ಪಾಯಿಂಟ್ ಐದೋ ಮಾರಾಯಾ! ನಾಲ್ಕೂವರೆಯಿಂದ ಭಾಗಿಸಬೇಕು. ಹದಿಮೂರರ ಮ್ಯಾಲೆ ಚೂರು ಇದ್ರ ಸಾಕಿತ್ತು. ಲೆಕ್ಕದಾಗ ಫೇಲು, ತಂಡದಾಗ ಪಾಸು!”

ಕ್ಲಾಸು ಮತ್ತೆ ನಕ್ಕಿತು. ಈ ಸಲ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು.

“ಅಣ್ಣಾರ,” ಅಂತ ಪಕ್ಕದ ಟ್ರೆಡ್‌ಮಿಲ್ಲಿನಿಂದ ದನಿ ಬಂತು. ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಹುಡುಗಿ. “ಕಿಲೋಮೀಟರಿಗೆ ನಾಲ್ಕೂವರೆ ನಿಮಿಷ ಅಂದ್ರ ಇದರಾಗ ಎಷ್ಟು ಒತ್ತಲಿರಿ?”

“ಹದಿಮೂರು ಪಾಯಿಂಟ್ ಮೂರು, ತಂಗಿ,” ಅಂದೆ. “ಆದ್ರ ನೀ ಹದಿನಾಲ್ಕು ಒತ್ತು.”

ಅಂದವನೇ ಬಾಯಲ್ಲಿ ಟೆಂಪೋ ಶುರು ಮಾಡಿದೆ.