ಲಾಭ ಪಂಚಮಿಯಂದು ತೆರೆದ ಬಾಗಿಲು

ನಾವು ವಡೋದರಕ್ಕೆ ಬಂದ ಮೊದಲ ವರ್ಷ ನನ್ನ ಮಗಳು ಶಾಲೆಗೆ ಒಯ್ದ ನೀರನ್ನು ಹಾಗೆಯೇ ಮನೆಗೆ ತರುತ್ತಿದ್ದಳು. ಬೆಳಗ್ಗೆ ಬಾಟಲಿ ತುಂಬುವವಳು ನಾನು, ಸಂಜೆ ಅದನ್ನು ತುಳಸಿಗೆ ಸುರಿಯುವವಳೂ ನಾನು. ಏಳನೆಯ ತರಗತಿಯ ಹುಡುಗಿ, ಕಬಡ್ಡಿ ಆಡುವವಳು, ಈ ಊರಿನ ಬಿಸಿಲಲ್ಲಿ ಒಂದು ಗುಟುಕೂ ನೀರಿಲ್ಲದೆ ಹೇಗಿರುತ್ತಾಳೆಂದು ನನಗೆ ಅರ್ಥವಾಗಲಿಲ್ಲ. ಬೈದೆ, ರಮಿಸಿದೆ, ನಿಂಬೆ ಶರಬತ್ತು ಮಾಡಿ ಕಳಿಸಿದೆ. ಶರಬತ್ತೂ ತಿರುಗಿ ಬಂತು. ತುಳಸಿಗೆ ಅದನ್ನು ಹಾಕುವಂತಿಲ್ಲವಾದ್ದರಿಂದ ನಾನೇ ಕುಡಿದೆ.

ಆಮೇಲೆ ಒಂದು ದಿನ ಜ್ವರ ಬಂತು. ಕಿಬ್ಬೊಟ್ಟೆಯಲ್ಲಿ ಉರಿ ಎಂದು ಮಗಳು ಅಳತೊಡಗಿದಾಗ ವೈದ್ಯರ ಬಳಿಗೆ ಓಡಿದೆವು. ಅವರು ಔಷಧಿ ಬರೆಯುವ ಮೊದಲು ನನ್ನನ್ನು ಕೇಳಿದ ಪ್ರಶ್ನೆ, ಶಾಲೆಯಲ್ಲಿ ಶೌಚಾಲಯ ಹೇಗಿದೆ ಎಂದು. ನಾನು ಮಗಳ ಮುಖ ನೋಡಿದೆ.

"ಮಮ್ಮಿ, ಪಾನಿ ಕುಡಿದ್ರ ಟಾಯ್ಲೆಟ್ ಜಾನಾ ಪಡ್ತಾ ಹೈ. ಅಲ್ಲಿ ಡೋರ್ ಬಂದ್ ನಹೀ ಹೋತಾ. ನಲ್ಲಿನ್ಯಾಗ ನೀರೂ ಬರಂಗಿಲ್ಲ," ಎಂದಳು. ಕನ್ನಡ, ಹಿಂದಿ, ಇಂಗ್ಲಿಷು ಕಲಸಿದ ಅವಳ ಮಾತಿಗೆ ದಿನವೂ ನಗುತ್ತಿದ್ದ ನಾನು ಅಂದು ನಗಲಿಲ್ಲ. ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಹುಬ್ಬಳ್ಳಿಯವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಶಾಲೆಯ ಹೆಸರು ಬೇಡ. ನಮ್ಮಂತೆ ಊರೂರು ವರ್ಗವಾಗಿ ಬರುವ ಸರ್ಕಾರಿ ನೌಕರರ ಮಕ್ಕಳೇ ಹೆಚ್ಚಾಗಿದ್ದ ಸರ್ಕಾರಿ ಶಾಲೆ ಅದು. ಮರುದಿನವೇ ಹೋಗಿ ನೋಡಿದೆ. ಹಳೆಯ ಶೌಚಾಲಯದ ಬಾಗಿಲು ಮಗಳು ಹೇಳಿದಂತೆಯೇ ಅರ್ಧ ಜೋತುಬಿದ್ದಿತ್ತು. ಆದರೆ ನನ್ನ ಕಣ್ಣು ಅರಳಿದ್ದು ಅದರ ಪಕ್ಕದಲ್ಲಿದ್ದುದನ್ನು ಕಂಡು. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ಹೊಚ್ಚಹೊಸ ಶೌಚಾಲಯ! ಗುಲಾಬಿ ಬಣ್ಣದ ಗೋಡೆ, ಮೇಲೆ ನೀರಿನ ಟ್ಯಾಂಕು, ಒಳಗೆ ಬಿಳಿಯ ಟೈಲ್ಸು. ಟೈಲ್ಸನ್ನು ನಾನು ನೋಡಿದ್ದು ಕಿಟಕಿಯ ಸಂದಿಯಿಂದ, ಏಕೆಂದರೆ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗವಿತ್ತು.

ಶಾಲೆಗೆ ಆಗ ಪ್ರಾಂಶುಪಾಲರೇ ಇರಲಿಲ್ಲ. ಒಬ್ಬರು ವರ್ಗವಾಗಿ ಹೋದ ಮೇಲೆ ಇನ್ನೊಬ್ಬರು ಬರಲೇ ಇಲ್ಲ. ಮೇಷ್ಟರುಗಳಲ್ಲೇ ಒಬ್ಬರಾದ ಮೇಲೊಬ್ಬರು ಇನ್‌ಚಾರ್ಜ್ ಆಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಆಗ ಕೂತಿದ್ದವರು ಜೀವಶಾಸ್ತ್ರದ ಮೇಷ್ಟರು, ಲಖನೌ ಕಡೆಯವರು, ಬಹಳ ಮೃದು ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತೇ ಮಾತಾಡುವರು. ಪೋಷಕರೆಲ್ಲ ಸೇರಿ ಗಲಾಟೆ ಮಾಡಿದಾಗ ಒಂದು ಶನಿವಾರ ಸಭೆ ಕರೆದರು. ನಾವು ಹೆಂಗಸರು ಹಿಂದಿನ ಬೆಂಚುಗಳಲ್ಲಿ ಕುಳಿತು, ಮುಂದೆ ಗಂಡಂದಿರನ್ನು ಬಿಟ್ಟೆವು. ನಾವು ಮಾಡಿದ ದೊಡ್ಡ ತಪ್ಪು ಅದೇ.

ಏಕೆಂದರೆ ಆ ಗಂಡಸರು ಯಾರು? ರೈಲ್ವೆ, ಬ್ಯಾಂಕು, ವಿಮೆ, ಅಂಚೆ, ಲೆಕ್ಕಪರಿಶೋಧನೆ. ಇನ್‌ಚಾರ್ಜ್ ಸಾಹೇಬರು ಎದ್ದು ನಿಂತು, ಹೊಸ ಕಟ್ಟಡಕ್ಕೆ ಅಹಮದಾಬಾದಿನ ಹಿರಿಯ ಅಧಿಕಾರಿಯಿಂದ ಉದ್ಘಾಟನೆಯಾಗಬೇಕು, ದಿನಾಂಕ ಸಿಕ್ಕಿಲ್ಲ, ಉದ್ಘಾಟನೆಯಾಗದ ಕಟ್ಟಡಕ್ಕೆ ಗುಡಿಸುವವರ ಹಣ ಬರುವುದಿಲ್ಲ, ಹೊಸದು ಇರುವಾಗ ಹಳೆಯದರ ದುರಸ್ತಿಗೂ ಹಣ ಬರುವುದಿಲ್ಲ ಎಂದು ವಿವರಿಸಿದರು. ಮುಂದಿನ ಸಾಲಿನ ತಲೆಗಳೆಲ್ಲ ಒಟ್ಟಿಗೆ ಆಡಿದವು, ಹೌದು ಹೌದು ಎಂಬಂತೆ. ಪರಿಶೋಧನೆಯವರು ಇನ್ನೂ ಮುಂದೆ ಹೋಗಿ, ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡದ್ದಕ್ಕೆ ಸಾಹೇಬರನ್ನು ಹೊಗಳಿದರು. ಜಗಳಕ್ಕೆಂದು ಕರೆದ ಸಭೆ ಚಹಾ ಮತ್ತು ಖಾರಿ ಬಿಸ್ಕತ್ತಿನಲ್ಲಿ ಮುಗಿಯಿತು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿದೆ, "ಏನ್ರೀ, ಜಗಳಾ ಮಾಡ್ಲಿಕ್ಕೆ ಹೋಗಿದ್ರೋ, ಬೀಗತನಾ ಮಾಡ್ಲಿಕ್ಕೆ ಹೋಗಿದ್ರೋ?"

"ಆ ಮನಷ್ಯಾ ಹೇಳಿದ್ದು ಖರೇನ ಅದ. ರೂಲು ಹಂಗ ಅದ," ಎಂದರು ನನ್ನ ರೈಲ್ವೆಯ ಪತಿರಾಯರು. "ನಮ್ಮ ಆಫೀಸಿನ್ಯಾಗೂ ಹಿಂಗ."

"ಖರೇ ಅದ, ಒಪ್ಪಿದೆ. ನಿಮ್ಮ ಮಗಳು ಎಲ್ಲಿ ಹೋಗ್ಬೇಕು, ಅದನ್ನ ಹೇಳ್ರಿ."

ಇದಕ್ಕೆ ಅವರು ಹಾರ್ನ್ ಹೊಡೆದರು. ಎದುರಿಗೆ ಯಾರೂ ಇರಲಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಆ ತಿಂಗಳುಗಳಲ್ಲಿ ಎಷ್ಟು ಸಲ ಹೇಳಿದೆನೋ. ಇಲ್ಲಿ ಪೂಜಾರಿಗೂ ಕೊಡುವ ಮನಸ್ಸಿತ್ತು, ಅಧಿಕಾರವಿರಲಿಲ್ಲ, ಅಷ್ಟೇ ವ್ಯತ್ಯಾಸ. ಕೊಯಾಲಿ ಕಡೆಯ ತೈಲ ಕಂಪನಿಯ ಟೌನ್‌ಶಿಪ್ಪಿನಲ್ಲಿದ್ದ ಗೆಳತಿಯೊಬ್ಬಳು ತನ್ನ ಮಗನ ಶಾಲೆಯಲ್ಲಿ ಈಜುಕೊಳ ಮಾಡುತ್ತಿದ್ದಾರೆಂದು ಫೋನಿನಲ್ಲಿ ಹೇಳಿದಾಗ ನಾನು ಅಡುಗೆಯ ನೆಪ ಹೇಳಿ ಫೋನ್ ಇಟ್ಟುಬಿಟ್ಟೆ. ಮಗಳಿಗೆ ಎರಡನೆಯ ಸಲ ಜ್ವರ ಬಂದು ಹೋಗಿತ್ತು.

ಗಂಟು ಬಿಚ್ಚಿದ್ದು ನನ್ನ ಮಗಳ ಗೆಳತಿಯ ತಾಯಿ. ಆಕೆ ಈ ಊರಿನ ಗುಜರಾತಿಯೇ, ಗಂಡ ಅಂಚೆ ಇಲಾಖೆಯವರು. ತವರಿನವರದು ಮಾಂಡವಿ ಪೇಟೆಯಲ್ಲಿ ತಲೆಮಾರುಗಳಿಂದ ಬಂದ ಬಟ್ಟೆ ಅಂಗಡಿ. ದೀಪಾವಳಿಗೆ ಮುಚ್ಚಿದ ಅಂಗಡಿಗಳನ್ನು ಗುಜರಾತಿಗಳು ಮತ್ತೆ ತೆರೆಯುವುದು ಲಾಭ ಪಂಚಮಿಯ ದಿನ, ಮುಹೂರ್ತ ನೋಡಿ, ಹೊಸ್ತಿಲಿಗೆ ಪೂಜೆ ಮಾಡಿ. ನಮ್ಮ ಶಾಲೆಯ ದೀಪಾವಳಿ ರಜೆ ಚಿಕ್ಕದಾದ್ದರಿಂದ ಅಂದು ಶಾಲೆ ಶುರುವಾಗಿತ್ತು. ಮಕ್ಕಳನ್ನು ಬಿಡಲು ಹೋದ ನಮ್ಮ ಮುಂದೆ ಆಕೆ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಕುಂಕುಮ, ತೆಂಗಿನಕಾಯಿ, ಪೇಡಾ ಇಟ್ಟ ತಟ್ಟೆ ಹಿಡಿದು ಬಂದಳು. ನೇರವಾಗಿ ಇನ್‌ಚಾರ್ಜ್ ಕೋಣೆಗೆ ನಡೆದಳು. ನಾವೂ ಹಿಂದೆಯೇ ನುಗ್ಗಿದೆವು.

"ಆಜ್ ತೋ ಲಾಭ್ ಪಾಂಚಮ್ ಛೇ, ಸಾಹೇಬ್," ಎಂದಳು. ಮುಂದಿನದನ್ನು ಅವರಿಗೆ ತಿಳಿಯಲೆಂದು ಹಿಂದಿಯಲ್ಲಿ ಹೇಳಿದಳು. ಇಂದು ಬೀಗ ಹಾಕಿದ ಬಾಗಿಲು ವರ್ಷವಿಡೀ ಬೀಗ ಹಾಕಿಯೇ ಇರುತ್ತದೆ. ಲಕ್ಷ್ಮಿ ಬರುವುದಿಲ್ಲ. ಬಜೆಟ್ಟೂ ಬರುವುದಿಲ್ಲ. ಸ್ವಲ್ಪ ತಡೆದು ಸೇರಿಸಿದಳು, ವರ್ಗಾವಣೆಯ ಆದೇಶವೂ ಬರುವುದಿಲ್ಲ.

ಲಖನೌಗೆ ವರ್ಗ ಕೇಳಿ ಕಾಯುತ್ತಿದ್ದ ಮನುಷ್ಯ ಬೆವರಿದರು. "ಮೇಡಮ್, ಮೈ ತೋ ಸಿರ್ಫ್ ಇನ್‌ಚಾರ್ಜ್ ಹೂಂ," ಎಂದು ತೊದಲಿದರು. ತಾನು ಬರೀ ಇನ್‌ಚಾರ್ಜ್, ಉದ್ಘಾಟನೆ ಮಾಡುವ ಅಧಿಕಾರ ತನಗಿಲ್ಲವೆಂದರು.

"ಉದ್ಘಾಟನೆ ಯಾರು ಮಾಡ್ತಾರೆ?" ನಾನು ನನ್ನ ಹರಕು ಹಿಂದಿಯಲ್ಲಿ ಬಾಯಿ ಹಾಕಿದೆ. "ಇದು ಪೂಜೆ. ಪೂಜೆಗೆ ನಿಮ್ಮ ರೂಲಿನಲ್ಲಿ ಆಕ್ಷೇಪ ಇದೆಯಾ?"

ಅವರು ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದರೆಂದು ಕಾಣುತ್ತದೆ. ಪೂಜೆಯ ಬಗ್ಗೆ ಏನೂ ಸಿಗಲಿಲ್ಲ. ಡ್ರಾಯರು ಎಳೆದು ಕೀಲಿಕೈ ಕೊಟ್ಟರು.

ಶೌಚಾಲಯಕ್ಕೆ ಮುಹೂರ್ತ ಮಾಡಿದ ಹೆಂಗಸರನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಹೊಸ್ತಿಲಿನ ಮೇಲೆ ಕುಂಕುಮದ ಸ್ವಸ್ತಿಕ, ಎರಡೂ ಬದಿಗೆ ಶುಭ, ಲಾಭ ಎಂಬ ಬರಹ. ತೆಂಗಿನಕಾಯಿ ಒಡೆದವಳು ನಾನು, ಒಂದೇ ಏಟಿಗೆ. ಅದಕ್ಕೆ ಬೇಕಾದ ಸಿಟ್ಟನ್ನು ತಿಂಗಳುಗಟ್ಟಲೆ ಕೂಡಿಟ್ಟಿದ್ದೆ. ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಕೆಮ್ಮಿತು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿ ನೀರು. ಬಿಡುವಿನ ಗಂಟೆ ಹೊಡೆದದ್ದೇ ತಡ, ಹುಡುಗಿಯರು ನೆರೆ ಬಂದಂತೆ ಬಂದರು. ಪೇಡಾ ಹಂಚಿದೆವು. ಧಾರವಾಡದ ಪಕ್ಕದ ಊರಿನವಳಾಗಿ ಆ ಪೇಡಾದ ಬಗ್ಗೆ ಏನೂ ಹೇಳದಿರುವುದೇ ನಾನು ಆಕೆಗೆ ತೋರಿಸಬಹುದಾದ ಕೃತಜ್ಞತೆ.

ಪೂಜೆ ಮುಗಿದ ಮೇಲೆ ಸಾಹೇಬರು ಬೀಗ ಹುಡುಕಿದರು, ಸಿಗಲಿಲ್ಲ. ಅದು ನನ್ನ ತರಕಾರಿ ಚೀಲದಲ್ಲಿ ಮನೆಗೆ ಬಂದಿತ್ತು. ಕದ್ದೆನೆಂದು ಒಪ್ಪಲಾರೆ, ಪ್ರಸಾದವೆಂದು ತಿಳಿದೆ. ಮುಂದಿನ ದಾರಿ ತೋರಿಸಿದ್ದು ಸಾಹೇಬರನ್ನು ಹೊಗಳಿದ್ದ ಆ ಪರಿಶೋಧನೆಯವರೇ. ಕಟ್ಟಡ ಬಳಕೆಗೆ ಬಂದುಬಿಟ್ಟಿದೆ ಎಂದಾದರೆ ಅದರ ನಿರ್ವಹಣೆಗೆ ಹಣ ಕೊಡದಿರುವುದೇ ಆಕ್ಷೇಪಾರ್ಹವಂತೆ! ಚಳಿಗಾಲದ ಹೊತ್ತಿಗೆ ಗುಡಿಸುವವರೂ ಬಂದರು. ಜೀವಶಾಸ್ತ್ರದ ಮೇಷ್ಟರಿಗೆ ಲಖನೌಗೆ ಆದೇಶವೂ ಬಂತು. ಹೋಗುವಾಗ ಆ ಗುಜರಾತಿ ತಾಯಿಗೆ ಕೈಮುಗಿದು ಹೋದರು.

ಉದ್ಘಾಟನೆಯ ದಿನಾಂಕ ಸಿಕ್ಕಿದ್ದು ಏಪ್ರಿಲಿನಲ್ಲಿ. ಆಗಿನ ಹೊಸ ಇನ್‌ಚಾರ್ಜ್ ಗಟ್ಟಿ ಮನುಷ್ಯ. ಬಳಸಿದ ಕಟ್ಟಡದಂತೆ ಕಾಣಬಾರದೆಂದು ಬೆಳಗಿನಿಂದಲೇ ಒಳಗೆ ಯಾರನ್ನೂ ಬಿಡದೆ ತೊಳೆಸಿ, ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ ಕಟ್ಟಿಸಿದರು. ನಮ್ಮನ್ನೂ ಕರೆದಿದ್ದರು. ಅಹಮದಾಬಾದಿನಿಂದ ಬರಬೇಕಾದ ಕಾರು ತಡವಾಯಿತು. ಹುಡುಗಿಯರು ಬಿಸಿಲಲ್ಲಿ ಸಾಲಾಗಿ ನಿಂತು ಕಾದರು. ಕೊನೆಗೆ ಇಳಿದವರು ಐವತ್ತು ದಾಟಿದ ಮಹಿಳಾ ಅಧಿಕಾರಿ. ಅವರ ಕೈಗೆ ಕತ್ತರಿ ಕೊಟ್ಟು, ಇನ್‌ಚಾರ್ಜ್ ಸಾಹೇಬರು ಶೌಚಾಲಯದ ಮಹತ್ವದ ಬಗ್ಗೆ ಭಾಷಣ ಶುರುಮಾಡಿದರು. ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ.

ಸಾಲಿನಿಂದ ನನ್ನ ಮಗಳು ಹೊರಬಂದಳು. "ಎಕ್ಸ್‌ಕ್ಯೂಸ್ ಮಿ ಸರ್," ಎಂದು ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಭಾಷಣ ನಿಂತಿತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಆದರೂ ಒಳಗೊಳಗೇ ಹೆಮ್ಮೆಯಿಂದ ಎದೆ ಉಬ್ಬಿತು, ಅದನ್ನು ಮುಚ್ಚಿಡುವುದೇಕೆ?

ಮಗಳು ಕೈ ಒರೆಸಿಕೊಳ್ಳುತ್ತ ಬಂದಾಗ ಅಧಿಕಾರಿ ಮೆಲ್ಲಗೆ ಕೇಳಿದರು, "ಪಾನೀ ಆತಾ ಹೈ?"

"ಆತಾ ಹೈ ಮೇಡಮ್. ದೂಸ್ರಾ ವಾಲಾ ಜ್ಯಾದಾ ಅಚ್ಛಾ ಹೈ," ಎಂದು ಒಳಗಿನ ಎರಡನೆಯ ಬಾಗಿಲಿನತ್ತ ಕೈ ತೋರಿಸಿದಳು.

ಆಕೆ ಕತ್ತರಿಯನ್ನು ಇನ್‌ಚಾರ್ಜ್ ಸಾಹೇಬರ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿಹಿಡಿದು, ಅದೇ ರಿಬ್ಬನ್ನಿನ ಕೆಳಗೆ ಬಗ್ಗಿದರು. ಬಗ್ಗುವಾಗ ಯಾರಿಗೂ ಅಲ್ಲವೆಂಬಂತೆ ಹೇಳಿದ್ದು ಒಂದೇ ಮಾತು. "ಸುಬಹ್ ಸೇ ನಿಕಲೀ ಹೂಂ." ಬೆಳಗ್ಗೆಯೇ ಮನೆ ಬಿಟ್ಟಿದ್ದರಂತೆ.

ಹೆಂಗಸರು ಯಾರೂ ನಗಲಿಲ್ಲ. ಆಕೆಯ ಹಿಂದೆ ಟೀಚರುಗಳು ನಿಂತರು, ಟೀಚರುಗಳ ಹಿಂದೆ ತಾಯಂದಿರು. ಕತ್ತರಿ ಹಿಡಿದ ಸಾಹೇಬರು ಉದ್ಘಾಟನೆ ಆಯಿತೋ ಇಲ್ಲವೋ ತಿಳಿಯದೆ ಒಬ್ಬೊಬ್ಬರಿಗೂ ರಿಬ್ಬನ್ ಎತ್ತಿ ದಾರಿ ಮಾಡಿಕೊಟ್ಟರು. ನನ್ನ ಸರದಿ ಬಂದು ಬಗ್ಗುವಾಗಲೇ ನನಗೆ ಹೊಳೆದದ್ದು: ನೀರು ಕುಡಿ, ನೀರು ಕುಡಿ ಎಂದು ಮಗಳನ್ನು ವರ್ಷವಿಡೀ ಬೈದ ನಾನು, ಹೊರಗೆ ಹೋಗಬೇಕಲ್ಲ ಎಂದು ಬೆಳಗಿನಿಂದ ಒಂದು ಗುಟುಕೂ ಕುಡಿದಿರಲಿಲ್ಲ.